ಎರಡು ವರ್ಷಕ್ಕೆ 23 ಕೆಜಿ, ಏನು ಬಿಡಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಎರಡು ವರ್ಷದ ಸ್ವಯಂಸೇವೆಗೆ ಹೊರದೇಶಕ್ಕೆ ಹೊರಟಿದ್ದೇನೆ, ಹಳ್ಳಿ ಶಾಲೆಯಲ್ಲಿ ಕೆಲಸ. ನನ್ನ ಟಿಕೆಟ್‌ನಲ್ಲಿ ಚೆಕ್-ಇನ್‌ಗೆ 23 ಕೆಜಿ, ಕೈಚೀಲಕ್ಕೆ 7 ಕೆಜಿ ಅಷ್ಟೇ. ಮೂರು ಸಲ ಪ್ಯಾಕ್ ಮಾಡಿ ಬಿಚ್ಚಿದ್ದಾಯ್ತು, ದೊಡ್ಡ ಬ್ಯಾಗು ಇನ್ನೂ 27ರಲ್ಲೇ ನಿಂತಿದೆ. ಪುಸ್ತಕಗಳನ್ನು ಫೋನಿಗೆ ಹಾಕಿಕೊಂಡೆ, ಶಾಂಪೂ ಸೋಪು ತೆಗೆದೆ, ಜೀನ್ಸ್ ಒಂದಕ್ಕೆ ಇಳಿಸಿದೆ (ಕೈಯಲ್ಲಿ ಒಗೆದರೆ ಅದು ಬೇಗ ಒಣಗುವುದೂ ಇಲ್ಲ ಅಲ್ವಾ). ಪವರ್ ಬ್ಯಾಂಕನ್ನು ಚೆಕ್-ಇನ್‌ಗೆ ಹಾಕುವ ಹಾಗಿಲ್ಲ, ಹಾಗಾಗಿ ಕೈಚೀಲವೂ ಆಗಲೇ ಭಾರ.

ಈಗ ತಲೆ ಕೆಟ್ಟಿರುವುದು ಎರಡೇ ವಿಷಯಕ್ಕೆ. ನನ್ನ ಪಾದ ಜಾಸ್ತಿ ದೊಡ್ಡದು, ಅಲ್ಲಿ ನನ್ನ ಅಳತೆಯ ಶೂ ಸಿಗದಿದ್ದರೆ ಎಂದು ಮೂರು ಜೊತೆ ಇಟ್ಟಿದ್ದೇನೆ, ಭಾರವೆಲ್ಲ ಅದರದೇ. ಇನ್ನೊಂದು, ದಿನಾ ನುಂಗುವ ಥೈರಾಯ್ಡ್ ಮಾತ್ರೆ. ಡಾಕ್ಟರ್ ಚೀಟಿ ಇದೆ, ಮಾತ್ರೆಗಳನ್ನು ಮೂಲ ಪ್ಯಾಕೆಟ್‌ನಲ್ಲೇ ಇಟ್ಟಿದ್ದೇನೆ. ಆದರೆ ಎರಡು ವರ್ಷಕ್ಕೆ ಆಗುವಷ್ಟು ಒಯ್ದರೆ ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ ಎಂದು ಒಬ್ಬರು, ಸುಮ್ನೆ ಹೆದರಬೇಡ ಎಂದು ಇನ್ನೊಬ್ಬರು.

ಹೀಗೆ ವರ್ಷಗಟ್ಟಲೆ ಹೋಗಿ ಬಂದವರು ಹೇಳಿ: ಶೂ ಎಷ್ಟು ಜೊತೆ ಸಾಕಾಯ್ತು? ಮಾತ್ರೆ ಎಷ್ಟು ತಿಂಗಳಿಗೆ ಒಯ್ದಿರಿ, ಉಳಿದದ್ದಕ್ಕೆ ಏನು ಮಾಡಿದಿರಿ?