ವಾರಕ್ಕೆ ಎಷ್ಟು ದಿನ ಕಚೇರಿ? ಅಳೆದು ನೋಡಿದ ಆಧಾರವೇನಾದರೂ ಇದೆಯೇ?

ಪ್ರಶ್ನೆ:
ಬೆಂಗಳೂರಿನ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಣ್ಣ ತಂಡವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಸದ್ಯ ವಾರಕ್ಕೆ ಮೂರು ದಿನ ಕಚೇರಿ, ಎರಡು ದಿನ ಮನೆ. ಇನ್ನು ಐದೂ ದಿನ ಬರಬೇಕೆಂಬ ಪ್ರಸ್ತಾಪವಿದ್ದು, ತಂಡದ ಅಭಿಪ್ರಾಯ ಬರೆದುಕೊಡುವಂತೆ ಮೇಲಧಿಕಾರಿಗಳು ಕೇಳಿದ್ದಾರೆ. ಸಿಲ್ಕ್ ಬೋರ್ಡ್ ದಾಟಿ ಬರುವವರು ಕಚೇರಿ ಮುಟ್ಟುವಷ್ಟರಲ್ಲೇ ದಣಿದಿರುತ್ತಾರೆ. ಆದರೆ ಮನೆಯಲ್ಲಿದ್ದ ದಿನ ರಾತ್ರಿ ಊಟವಾದ ಮೇಲೂ ಲ್ಯಾಪ್‌ಟಾಪ್ ತೆರೆದೇ ಇರುತ್ತದೆಂದು ಅವರೇ ಹೇಳುತ್ತಾರೆ. ಯಾರ ಅನಿಸಿಕೆಯನ್ನೂ ನೆಚ್ಚದೆ ಬರೆಯಬೇಕೆಂದಿದ್ದೇನೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1:
ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಮ್ ಕಂಪನಿಯಲ್ಲಿ 2021–22ರಲ್ಲಿ ನಡೆಸಿದ ಪ್ರಯೋಗ ನಿಮ್ಮ ಪರಿಸ್ಥಿತಿಗೆ ತೀರ ಹತ್ತಿರವಾಗಿದೆ. 1,612 ನೌಕರರನ್ನು ಹುಟ್ಟಿದ ದಿನಾಂಕ ಸಮವೋ ಬೆಸವೋ ಎಂದು ನೋಡಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬುಧವಾರ ಮತ್ತು ಶುಕ್ರವಾರ ಮನೆಯಿಂದ ಕೆಲಸ ಮಾಡುವ ಅವಕಾಶ ಕೊಡಲಾಯಿತು. ಆ ಗುಂಪಿನಲ್ಲಿ ರಾಜೀನಾಮೆಗಳು ಮೂರನೇ ಒಂದರಷ್ಟು ತಗ್ಗಿದವು. ಎರಡು ವರ್ಷಗಳ ಮೌಲ್ಯಮಾಪನದಲ್ಲಾಗಲಿ ಬಡ್ತಿಯಲ್ಲಾಗಲಿ ಅವರು ಹಿಂದೆ ಬೀಳಲಿಲ್ಲ. ಕೆಲಸ ಬಿಡುವುದು ವಿಶೇಷವಾಗಿ ಕಡಿಮೆಯಾದದ್ದು ಮಹಿಳೆಯರಲ್ಲಿ, ಮ್ಯಾನೇಜರ್ ಅಲ್ಲದವರಲ್ಲಿ ಮತ್ತು ದೂರದಿಂದ ಓಡಾಡುವವರಲ್ಲಿ. ನಿಮ್ಮ ಸಿಲ್ಕ್ ಬೋರ್ಡ್ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಉತ್ತರ 2:
ಮೇಲಿನದನ್ನು ಒಪ್ಪುತ್ತೇನೆ, ಆದರೆ ಅದು ಎರಡು ದಿನದ ಮಾತು. ಪೂರ್ತಿ ಮನೆಯಿಂದಲೇ ಕೆಲಸ ಮಾಡುವುದಕ್ಕೆ ಅದನ್ನು ಅನ್ವಯಿಸಬಾರದು. ಕೊರೊನಾ ಕಾಲದಲ್ಲಿ ಭಾರತದ ದೊಡ್ಡ ಐಟಿ ಸೇವಾ ಕಂಪನಿಯೊಂದರ 10,000ಕ್ಕೂ ಹೆಚ್ಚು ನೌಕರರ ದತ್ತಾಂಶವನ್ನು ಪರಿಶೀಲಿಸಿದಾಗ, ದುಡಿದ ಗಂಟೆಗಳು ಹೆಚ್ಚಿದ್ದವು, ಕಚೇರಿ ಸಮಯ ಮುಗಿದ ಮೇಲಿನ ದುಡಿಮೆಯೂ ಬೆಳೆದಿತ್ತು, ಆದರೆ ಗಂಟೆಯೊಂದರ ಉತ್ಪಾದಕತೆ ಶೇ 8ರಿಂದ 19ರಷ್ಟು ಕುಸಿದಿತ್ತು. ಮೀಟಿಂಗ್‌ಗಳು ಹೆಚ್ಚಿ, ಅಡ್ಡಿಯಿಲ್ಲದೆ ಕುಳಿತು ಕೆಲಸ ಮಾಡುವ ಹೊತ್ತು ಕರಗಿಹೋದದ್ದು ಒಂದು ಮುಖ್ಯ ಕಾರಣ. ರಾತ್ರಿ ಮುಚ್ಚದ ಲ್ಯಾಪ್‌ಟಾಪನ್ನು ಶ್ರದ್ಧೆಯೆಂದು ಎಣಿಸದೆ, ಹಗಲು ಎಲ್ಲಿ ಹೋಯಿತೆಂದು ಕೇಳಿ ನೋಡಿ.

ಮನೆ ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಪಿ.ಜಿ.ಯಲ್ಲಿ ಇಬ್ಬರೊಂದಿಗೆ ಕೋಣೆ ಹಂಚಿಕೊಂಡು, ಮಂಚದ ಮೇಲೆ ದಿಂಬಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಹುಡುಗರಿಗೆ ಕಚೇರಿಯ ಕುರ್ಚಿಯೇ ಆರೋಗ್ಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹೊಸಬರನ್ನು ಮಾತ್ರ ಐದು ದಿನ ಕರೆಸುವುದು ಸರಿಯೇ?

ಉತ್ತರ 3:
ಬೇಡ. ಹಳಬರೆಲ್ಲ ಮನೆಯಲ್ಲಿದ್ದರೆ ಹೊಸಬರು ಕಚೇರಿಗೆ ಬಂದೂ ಹೆಡ್‌ಫೋನ್ ಹಾಕಿಕೊಂಡು ಅದೇ ವಿಡಿಯೊ ಕರೆಯಲ್ಲಿ ಕೂರಬೇಕಾಗುತ್ತದೆ. ಇಡೀ ತಂಡ ಒಂದೇ ಮೂರು ದಿನಗಳಲ್ಲಿ ಬರಲಿ. ಕೋಡ್ ಪರಿಶೀಲನೆ, ಕಲಿಸುವುದು, ಚರ್ಚೆ ಎಲ್ಲ ಆ ದಿನಗಳಲ್ಲೇ ನಡೆಯಲಿ. ಮನೆಯ ದಿನಗಳಂದು ಮಧ್ಯಾಹ್ನದವರೆಗೆ ಮೀಟಿಂಗ್ ಇಡದಿರುವುದು, ಸಂಜೆ ಏಳರ ನಂತರ ಸಂದೇಶಕ್ಕೆ ಉತ್ತರ ನಿರೀಕ್ಷಿಸದಿರುವುದು, ಈ ಎರಡನ್ನೂ ಬರಹದಲ್ಲೇ ಸೇರಿಸಿ. ಪಿ.ಜಿ.ಯಲ್ಲಿರುವವರು ಐದು ದಿನ ಬರಲು ಬಯಸಿದರೆ ಅವರಿಗೆ ಖಾಯಂ ಮೇಜು ಕೇಳಿ. ಆರು ತಿಂಗಳ ನಂತರ ರಾಜೀನಾಮೆ ಮತ್ತು ಮುಗಿದ ಕೆಲಸದ ಲೆಕ್ಕ ನೋಡಿ ಮರುಪರಿಶೀಲಿಸೋಣವೆಂದು ಬರೆದರೆ ಮೇಲಿನವರಿಗೂ ಒಪ್ಪಿಕೊಳ್ಳುವುದು ಸುಲಭವಾಗುತ್ತದೆ.