ಸಂಬಳ ಬಿದ್ದ ದಿನವೇ ಆನ್‌ಲೈನ್ ಶಾಪಿಂಗ್: ಸಹೋದ್ಯೋಗಿಗಳಿಗೆ ಹೇಗೆ ನೆರವಾಗಲಿ?

ಕೇಳಿದವರು: ಹೈಸ್ಕೂಲ್ ಭಾಷಾ ಶಿಕ್ಷಕಿ

ನಮ್ಮ ಶಾಲೆಯಲ್ಲಿ ಸಂಬಳದ ಮೆಸೇಜ್ ಸಾಮಾನ್ಯವಾಗಿ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಬರುತ್ತದೆ. ಒಬ್ಬರ ಫೋನ್ ಟಿಣ್ ಅಂದರೆ ಸಾಕು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಫೋನ್ ತೆಗೆಯುತ್ತಾರೆ. ಕೊನೆಯ ಪೀರಿಯಡ್ ಮುಗಿಯುವುದರೊಳಗೆ ಯಾರೋ ಬ್ಯಾಗ್, ಯಾರೋ ಇಯರ್‌ಫೋನ್, ಯಾರೋ ಇನ್ನೊಂದು ನೀರಿನ ಬಾಟಲಿ ಆರ್ಡರ್ ಮಾಡಿರುತ್ತಾರೆ. ಮೂರನೇ ವಾರಕ್ಕೆ ಅದೇ ಜನ ಕೈಸಾಲ ಕೇಳುತ್ತಾರೆ. ಸ್ಟಾಫ್ ಕ್ಷೇಮನಿಧಿ ನೋಡಿಕೊಳ್ಳುವವಳು ನಾನು, ಹಾಗಾಗಿ ಕೆಲವರು ತಾವಾಗಿಯೇ ಬಂದು "ಏನಾದರೂ ದಾರಿ ಹೇಳಿ" ಅಂದಿದ್ದಾರೆ. ಉಪದೇಶ ಬೇಡ. ನಿಮ್ಮಲ್ಲಿ ಯಾವುದು ನಿಜವಾಗಿ ನಡೆಯಿತು, ಯಾವುದು ನಡೆಯಲಿಲ್ಲ, ಅಷ್ಟು ಹೇಳಿದರೆ ಉಪಕಾರ.

ಪ್ರಾಥಮಿಕ ಶಾಲೆ ಟೀಚರ್

ಮೇಡಂ, ಬೇರೆ ಕೆಲಸದವರ ಕಾರ್ಟ್‌ಗೂ ನಮ್ಮ ಕಾರ್ಟ್‌ಗೂ ಒಂದು ವ್ಯತ್ಯಾಸ ಇದೆ. ನಮ್ಮದರಲ್ಲಿ ಅರ್ಧ "ಮಕ್ಕಳಿಗೋಸ್ಕರ" ಇರುತ್ತದೆ. ಸ್ಟಾರ್ ಸ್ಟಿಕ್ಕರ್, ಬಣ್ಣದ ಚಾರ್ಟ್, ಫ್ಲ್ಯಾಶ್ ಕಾರ್ಡ್, ಬಹುಮಾನಕ್ಕೆ ಅಂತ ಪೆನ್ಸಿಲ್ ಡಬ್ಬ. ನನಗೇನೂ ಅಲ್ವಲ್ಲ ಅನ್ನಿಸಿದ ಮೇಲೆ ಕೈ ತಡೆಯುವುದೇ ಇಲ್ಲ. ಇಷ್ಟೆಲ್ಲ ಮಕ್ಕಳಿಗೆ ತೆಗೆದುಕೊಂಡೆ, ನನಗೂ ಒಂದು ಇರಲಿ ಅಂತ ಕೊನೆಯಲ್ಲಿ ತನ್ನದೂ ಒಂದು ಸೇರುತ್ತದೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿದಾಗ ಮನಸ್ಸು ತನಗೆ ತಾನೇ ರಿಯಾಯಿತಿ ಕೊಟ್ಟುಕೊಳ್ಳುತ್ತದೆ. ಅದಕ್ಕೇ ಶಿಕ್ಷಕರ ವಿಷಯದಲ್ಲಿ ಮೊದಲು ಹಿಡಿಯಬೇಕಾದ್ದು ಈ ಅರ್ಧವನ್ನ.

ನಮ್ಮಲ್ಲಿ ಮೊದಲಿಗೆ ಯಾರೂ ನಿಯಮ ಅಂತ ಏನೂ ಮಾಡಲಿಲ್ಲ. ಹೆಡ್ ಮೇಡಂ ಒಂದು ಸಲ ಎಲ್ಲ ಕ್ಲಾಸಿನ ಬೀರುಗಳನ್ನು ತೆರೆಸಿ, ಇರೋದನ್ನೆಲ್ಲ ಹೊರಗೆ ಹಾಕಿ ಅಂದರು, ಅಷ್ಟೇ. ಪಕ್ಕದ ಕ್ಲಾಸಿನ ಬೀರುವಿನಿಂದ ಲ್ಯಾಮಿನೇಷನ್ ಹಾಳೆಯ ಎರಡು ಕಟ್ಟು ಬಂತು. ನಮ್ಮ ಮೆಷಿನ್‌ಗೆ ಆ ಅಗಲ ಹೋಗುವುದೇ ಇಲ್ಲ. ಸ್ಟಿಕ್ಕರ್ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯ ಹಾಗೆ ಆಗಿದ್ದವು. ಅಂಟಿನ ಕಡ್ಡಿಗಳ ಡಬ್ಬದ ಸೀಲ್ ಕೂಡ ಒಡೆದಿರಲಿಲ್ಲ, ಒಳಗಿದ್ದದ್ದೆಲ್ಲ ಒಣಗಿ ಹೋಗಿತ್ತು. ಒಬ್ಬರು ಆ ರಾಶಿಯ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಈಗಲೂ ಸಂಬಳದ ದಿನ ಯಾರಾದರೂ ತಮಾಷೆಗೆ ಅದನ್ನೇ ಮತ್ತೆ ಹಾಕುತ್ತಾರೆ. ಭಾಷಣಕ್ಕಿಂತ ಆ ಫೋಟೋ ಜಾಸ್ತಿ ಕೆಲಸ ಮಾಡಿದೆ.

ಆಮೇಲೆ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದೆವು. ಏನಿದೆ, ಎಷ್ಟಿದೆ, ಮುಂದೆ ಯಾವ ಪಾಠಕ್ಕೆ ಏನು ಬೇಕು. ಆ ಹಾಳೆಯಲ್ಲಿ ಬರೆದಿದ್ದನ್ನು ಮಾತ್ರ ಕೊಳ್ಳುವುದು. ಟರ್ಮ್‌ಗೆ ಒಂದೇ ಆರ್ಡರ್, ಎಲ್ಲರ ಪರವಾಗಿ ಒಬ್ಬರೇ ಮಾಡುವುದು, ಸಂಬಳದ ವಾರ ಬಿಟ್ಟು ಬೇರೆ ವಾರದಲ್ಲಿ. ಮೊದಲು ಶಾಲೆಯ ದುಡ್ಡು ಕೇಳುವುದು, ಸಿಗದಿದ್ದರೆ ಆಮೇಲೆ ನಮ್ಮ ಜೇಬು. ಇನ್ನೊಂದು, ಮಕ್ಕಳ ಸಾಮಾನು ಇರುವ ಕಾರ್ಟ್‌ಗೆ ನಮ್ಮ ಸಾಮಾನು ಸೇರಿಸುವ ಹಾಗಿಲ್ಲ. ಬೇರೆ ಬೇರೆ ಮಾಡಿದ ತಕ್ಷಣ ನಮ್ಮದು ಎಷ್ಟು ಅನ್ನುವುದು ಕಣ್ಣಿಗೆ ಹೊಡೆಯುತ್ತದೆ.

ಕಂಪ್ಯೂಟರ್ ಸರ್

ಆಪ್ ಅಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದೆಲ್ಲ ಸುಮ್ನೆ. ಬ್ರೌಸರ್‌ನಲ್ಲಿ ಅದೇ ಅಂಗಡಿ ತೆರೆಯುತ್ತದೆ. ಅಳಿಸಬೇಕಾದ್ದು ಸೇವ್ ಮಾಡಿಟ್ಟ ಕಾರ್ಡ್.

ಯಾಕೆ ಅಂತ ಹೇಳ್ತೀನಿ. ಒಂದೇ ಕ್ಲಿಕ್‌ನಲ್ಲಿ ಖರೀದಿ ಮುಗಿಸುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. 2017ರಲ್ಲಿ ಅವಧಿ ಮುಗಿಯುವವರೆಗೆ ಅದು ಅವರ ಕೈಯಲ್ಲೇ ಇತ್ತು. ವಿಳಾಸ ತುಂಬುವುದು, ಕಾರ್ಡ್ ನಂಬರ್ ಒತ್ತುವುದು, ಇಂಥ ಒಂದೆರಡು ಹೆಜ್ಜೆ ಕಡಿಮೆ ಮಾಡುವುದಕ್ಕೆ ಅಂಗಡಿಯವರಿಗೆ ಅಷ್ಟು ಬೆಲೆ ಇದೆ ಅಂದರೆ, ಅದೇ ಹೆಜ್ಜೆಗಳನ್ನು ವಾಪಸ್ ಸೇರಿಸಿಕೊಳ್ಳುವುದಕ್ಕೆ ನಮಗೂ ಬೆಲೆ ಇರಬೇಕು ಅಲ್ವಾ? ಕಾರ್ಡ್ ತೆಗೆಯಿರಿ, ಲಾಗ್ ಔಟ್ ಮಾಡಿ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬೇಡ ಅಂತ ಫೋನಿಗೆ ಹೇಳಿ, ಆಫರ್ ನೋಟಿಫಿಕೇಶನ್ ಬಂದ್ ಮಾಡಿ. ಸಂಬಳದ ದಿನ ಕಾರ್ಡನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕೊಳ್ಳಲೇಬೇಕು ಅಂದರೆ ಎದ್ದು ಹೋಗಿ ಕಾರ್ಡ್ ತರಬೇಕು. ಎಷ್ಟೋ ಆಸೆ ಅಷ್ಟರಲ್ಲೇ ತಣ್ಣಗಾಗುತ್ತದೆ.

ಇನ್ನು ಆ ಓಡುವ ಗಡಿಯಾರ. "ಇನ್ನು ಹತ್ತೇ ನಿಮಿಷ" ಅಂತ ಹೆದರಿಸುತ್ತದಲ್ಲ, ಅದು. ಪ್ರಿನ್ಸ್‌ಟನ್ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಸುಮಾರು 11,000 ಶಾಪಿಂಗ್ ಸೈಟ್‌ಗಳನ್ನು ಪ್ರೋಗ್ರಾಂ ಬಳಸಿ ಜಾಲಾಡಿದ್ದರು. ಕೆಲವು ಕಡೆ ಗಡಿಯಾರ ಸೊನ್ನೆಗೆ ಬಂದ ಮೇಲೂ ಅದೇ ಆಫರ್ ಇತ್ತು. ಕೆಲವು ಕಡೆ ಪುಟವನ್ನು ಮತ್ತೆ ತೆರೆದರೆ ಗಡಿಯಾರ ಮೊದಲಿಂದ ಶುರು. "ಈಗಷ್ಟೇ ಒಬ್ಬರು ಕೊಂಡರು" ಅನ್ನುವ ಸಂದೇಶವನ್ನು ಕೋಡ್ ತನ್ನಷ್ಟಕ್ಕೆ ಹುಟ್ಟಿಸುತ್ತಿದ್ದದ್ದೂ ಸಿಕ್ಕಿತು. ಇಂಥ ತಂತ್ರಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲೇ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟಿದ್ದರು.

ನಾನು ಇದನ್ನು ಎಂಟನೇ ಕ್ಲಾಸಿನ ಲ್ಯಾಬ್‌ನಲ್ಲಿ ಚಟುವಟಿಕೆ ಮಾಡಿಸಿದೆ. ಮಕ್ಕಳು ಗಡಿಯಾರದ ಸ್ಕ್ರೀನ್‌ಶಾಟ್ ತೆಗೆದರು, ಪುಟ ರಿಫ್ರೆಶ್ ಮಾಡಿದರು, ಮತ್ತೆ ತೆಗೆದರು. ಒಂದು ಸೈಟ್‌ನಲ್ಲಿ ಸಮಯ ಕಡಿಮೆ ಆಗುವ ಬದಲು ಜಾಸ್ತಿ ಆಯಿತು. ಇಡೀ ಲ್ಯಾಬ್ ನಕ್ಕಿತು. ಆ ಸ್ಕ್ರೀನ್‌ಶಾಟ್‌ಗಳನ್ನು ಮಕ್ಕಳೇ ನೋಟಿಸ್ ಬೋರ್ಡಿಗೆ ಹಾಕಿದರು. ಬೋರ್ಡ್ ಇರುವುದು ಸ್ಟಾಫ್ ರೂಮಿನ ಎದುರಿಗೆ. ನಾನು ಯಾರಿಗೂ ಏನೂ ಹೇಳಲಿಲ್ಲ.

ಗಣಿತ ಟೀಚರ್

ಫ್ರೀ ಡೆಲಿವರಿಗೆ ಇನ್ನಷ್ಟು ಸೇರಿಸಿ ಅಂತ ಬರುತ್ತದಲ್ಲ, ಅದಕ್ಕೆ ನನ್ನ ಲೆಕ್ಕ ಇಷ್ಟೇ. ಬೇಡದ ಸಾಮಾನಿನ ಬೆಲೆ ಡೆಲಿವರಿ ಚಾರ್ಜ್‌ಗಿಂತ ಕಡಿಮೆ ಇದ್ದರೆ ಮಾತ್ರ ಲಾಭ. ಹಾಗೆ ಇರುವುದು ಅಪರೂಪ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಸೇರಿ ಒಂದೇ ಆರ್ಡರ್ ಹಾಕೋಣ ಅನ್ನುವುದು ಇನ್ನೂ ಅಪಾಯ. ಏನೂ ಬೇಡದವರೂ ಮುಲಾಜಿಗೆ ಒಂದು ಹಾಕುತ್ತಾರೆ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು

ಮೇಲಿನ ಎಲ್ಲವೂ ಸರಿ, ಆದರೆ ಅವೆಲ್ಲ ಬಾಗಿಲಿಗೆ ಚಿಲಕ ಹಾಕುವ ಕೆಲಸ. ನನ್ನ ಪ್ರಕಾರ ಮುಖ್ಯವಾದ್ದು ಆ ದಿನ ಖಾತೆಯಲ್ಲಿ ಕಾಣುವ ಮೊತ್ತ. ಸಂಬಳದ ದಿನ ಬಾಡಿಗೆ ಹೋಗಿರುವುದಿಲ್ಲ, ಸಾಲದ ಕಂತು ಹೋಗಿರುವುದಿಲ್ಲ, ಮಕ್ಕಳ ಫೀಸ್ ಹೋಗಿರುವುದಿಲ್ಲ. ಅಷ್ಟೂ ನಮ್ಮದೇ ಅನ್ನಿಸುತ್ತದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದರ ಬಗ್ಗೆಯೇ ತುಂಬ ಕೆಲಸ ಮಾಡಿದವರು. ದುಡ್ಡು ದುಡ್ಡೇ ಆದರೂ ನಾವು ತಲೆಯೊಳಗೆ ಅದಕ್ಕೆ ಬೇರೆ ಬೇರೆ ಡಬ್ಬ ಮಾಡಿಟ್ಟಿರುತ್ತೇವೆ. ಯಾವ ಡಬ್ಬಕ್ಕೂ ಹಾಕದ ದುಡ್ಡು ಮೊದಲು ಕರಗುತ್ತದೆ.

ಹಾಗಾಗಿ ಡಬ್ಬವನ್ನು ತಲೆಯಲ್ಲಿ ಬಿಡದೆ ಬ್ಯಾಂಕಿನಲ್ಲೇ ಮಾಡಿಸಿ. ಸಂಬಳ ಬೀಳುವ ದಿನವೇ, ಆದಷ್ಟು ಬೆಳಿಗ್ಗೆಯೇ, ಖರ್ಚಿನ ಹಣ ಒಂದು ಖಾತೆಗೆ, ಉಳಿತಾಯ ಇನ್ನೊಂದಕ್ಕೆ ತಾನಾಗಿ ಹೋಗುವ ಹಾಗೆ ಸೂಚನೆ ಕೊಡಿ. ಶಾಪಿಂಗ್‌ಗೆ ಜೋಡಿಸಿರುವ ಖಾತೆಯಲ್ಲಿ ಉಳಿಯುವುದು ಸಣ್ಣ ಮೊತ್ತ ಮಾತ್ರ. ಅದಕ್ಕೆ ನಮ್ಮ ವಿಭಾಗದಲ್ಲಿ "ಕೇಳೋರಿಲ್ಲದ ದುಡ್ಡು" ಅಂತ ಹೆಸರು. ಅದರಲ್ಲಿ ಏನು ಕೊಂಡರೂ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ, ತನಗೆ ತಾನೂ ಕೊಡಬೇಕಾಗಿಲ್ಲ. ಇದನ್ನು ಬಿಟ್ಟು ಪೂರ್ತಿ ನಿಲ್ಲಿಸುತ್ತೇನೆ ಅಂದವರು ನಮ್ಮಲ್ಲಿ ಬಾಳಿಕೆ ಬರಲಿಲ್ಲ.

ಉಳಿತಾಯ ಇವತ್ತೇ ಶುರು ಮಾಡಿ ಅಂದರೆ ಯಾರೂ ಒಪ್ಪುವುದಿಲ್ಲ, ಇದು ನಿಮಗೆ ಅನುಭವ ಇರಬಹುದು. ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಜಿ ಒಂದು ಕಂಪನಿಯ ನೌಕರರಿಗೆ ಬೇರೆ ಮಾತು ಹೇಳಿದರು: ಈಗ ಏನೂ ಬೇಡ, ಮುಂದೆ ಸಂಬಳ ಏರಿದಾಗ ಅದರಲ್ಲಿ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ ಅಂತ ಈಗಲೇ ಒಪ್ಪಿಕೊಳ್ಳಿ. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಅವರ ಲೇಖನ 2004ರಲ್ಲಿ ಬಂತು. ಇನ್‌ಕ್ರಿಮೆಂಟ್ ತಾರೀಕು ಮೊದಲೇ ಗೊತ್ತಿರುವ ಶಿಕ್ಷಕರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕ್ಷೇಮನಿಧಿ ನಿಮ್ಮ ಕೈಯಲ್ಲೇ ಇದೆಯಲ್ಲ ಮೇಡಂ, ಒಪ್ಪಿಗೆ ಪತ್ರವನ್ನು ಇನ್‌ಕ್ರಿಮೆಂಟ್‌ಗೆ ಸಾಕಷ್ಟು ಮುಂಚೆಯೇ ಬರೆಸಿಕೊಳ್ಳಿ. ದುಡ್ಡು ಕೈಗೆ ಬಂದ ಮೇಲೆ ಕೇಳಿದರೆ ಕೆಲಸ ಕೆಟ್ಟಿತು.

ಕೇಳಿದವರು

ಸರ್, ಇದು ಚೆನ್ನಾಗಿದೆ. ಆದರೆ ನಮ್ಮಲ್ಲಿ ಇಬ್ಬರು ಗುತ್ತಿಗೆ ಮೇಲೆ ಇದ್ದಾರೆ. ಅವರಿಗೆ ಸಂಬಳದ ದಿನ ಅಂತಲೇ ಇಲ್ಲ, ಕೆಲವು ತಿಂಗಳದ್ದು ಒಟ್ಟಿಗೆ ಬೀಳುತ್ತದೆ. ಜಾಸ್ತಿ ಖರ್ಚಾಗುವುದೂ ಅವರದೇ. ಅವರಿಗೆ ಏನು ಹೇಳಲಿ?

ಗುತ್ತಿಗೆ ಮೇಲೆ ವಿಜ್ಞಾನ ಪಾಠ ಮಾಡುವವಳು

ಅವರನ್ನು ಬೈಯಬೇಡಿ ಮೇಡಂ. ತಿಂಗಳುಗಟ್ಟಲೆ ಎಲ್ಲದಕ್ಕೂ "ಆಮೇಲೆ" ಅಂದುಕೊಂಡು ಬಂದಿರುತ್ತೇವೆ. ದುಡ್ಡು ಬಿದ್ದಾಗ ಆ ಎಲ್ಲ "ಆಮೇಲೆ"ಗಳೂ ಒಟ್ಟಿಗೆ ಎದ್ದು ಬರುತ್ತವೆ.

ನಾನು ಮಾಡುವುದು ಹೀಗೆ. ಹಣ ಬೀಳುವ ಖಾತೆಗೆ ಕಾರ್ಡ್ ಇಲ್ಲ, ಫೋನಿನ ಯಾವ ಆಪ್‌ಗೂ ಅದನ್ನು ಜೋಡಿಸಿಲ್ಲ. ಎಷ್ಟು ತಿಂಗಳದ್ದು ಬಿದ್ದರೂ ಸರಿ, ಅಲ್ಲಿಂದ ಪ್ರತಿ ತಿಂಗಳು ಒಂದೇ ತಾರೀಕಿಗೆ ಒಂದೇ ಮೊತ್ತ ಇನ್ನೊಂದು ಖಾತೆಗೆ ಬರುತ್ತದೆ. ನನ್ನ ಸಂಬಳದ ದಿನ ಅದು. ನನಗೆ ನಾನೇ ಕೊಡುವ ಸಂಬಳ. ಒಟ್ಟಿಗೆ ಬಿದ್ದ ದಿನ ಮಾಡುವ ಕೆಲಸ ಒಂದೇ, ಕೈಸಾಲ ತೀರಿಸುವುದು. ಕೊಟ್ಟವರ ಹೆಸರು ಮೊದಲೇ ಬರೆದಿರುತ್ತೇನೆ, ಹಾಗಾಗಿ ಅವತ್ತು ಯೋಚನೆ ಮಾಡುವ ಕೆಲಸವಿಲ್ಲ.

ಮುಂದಿನ ಸಂಬಳದವರೆಗೆ ಕಾಯಿರಿ ಅನ್ನುವ ಸಲಹೆ ನಮಗೆ ಹೊಂದುವುದಿಲ್ಲ. ಮುಂದಿನದು ಯಾವಾಗಲೋ! ಅದಕ್ಕೆ ನಾನು ಪಾಠದ ಲೆಕ್ಕ ಇಟ್ಟುಕೊಂಡಿದ್ದೇನೆ. ಬೇಕು ಅನ್ನಿಸಿದ ವಸ್ತುವನ್ನು ಪಾಠ ಯೋಜನೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತೇನೆ. ಈಗ ನಡೆಯುತ್ತಿರುವ ಪಾಠ ಪೂರ್ತಿ ಮುಗಿದು, ಕಿರುಪರೀಕ್ಷೆಯ ಪೇಪರ್ ತಿದ್ದಿ ಕೊಟ್ಟ ಮೇಲೆ ಆ ಹಾಳೆ ನೋಡುತ್ತೇನೆ. ಯಾಕೆ ಬರೆದೆ ಅಂತಲೇ ಮರೆತುಹೋಗಿದ್ದರೆ ಗೆರೆ ಎಳೆಯುತ್ತೇನೆ. ಇನ್ನೂ ಬೇಕು ಅನ್ನಿಸಿದರೆ ಕೊಳ್ಳುತ್ತೇನೆ, ಬೇಜಾರಿಲ್ಲದೆ.

ಇಂಗ್ಲಿಷ್ ಮೇಷ್ಟ್ರು

ಎರಡು ಮಾತು ಸೇರಿಸುತ್ತೇನೆ. ಒಂದು, "ಈಗ ತಗೊಳ್ಳಿ, ಆಮೇಲೆ ಕಂತಿನಲ್ಲಿ ಕಟ್ಟಿ" ಅನ್ನುವುದು. ಒಂದೊಂದು ಕಂತೂ ಸಣ್ಣದಾಗಿ ಕಾಣುತ್ತದೆ, ಆದರೆ ಮುಂದಿನ ಸಂಬಳದ ದಿನಕ್ಕೆ ಅವೆಲ್ಲ ಸಾಲಾಗಿ ನಿಂತಿರುತ್ತವೆ. ಕ್ಯಾಲೆಂಡರ್‌ನಲ್ಲಿ ಅವುಗಳ ತಾರೀಕು ಗುರುತು ಹಾಕಿ ನೋಡಿ, ಗೊತ್ತಾಗುತ್ತದೆ. ಎರಡು, ರಿಟರ್ನ್ ಮಾಡಿದಾಗ ರಿಫಂಡ್ ಎಲ್ಲಿಗೆ ಅಂತ ಕೇಳುವ ಜಾಗ. ಅಂಗಡಿಯ ವಾಲೆಟ್ ಅನ್ನು ಮೊದಲೇ ಆರಿಸಿಟ್ಟಿದ್ದರೆ ಬದಲಿಸಿ ಬ್ಯಾಂಕ್ ಖಾತೆ ಒತ್ತಿ. ವಾಲೆಟ್‌ಗೆ ಹೋದ ದುಡ್ಡು ಹೆಚ್ಚಾಗಿ ಅದೇ ಅಂಗಡಿಯಲ್ಲೇ ಖರ್ಚಾಗುತ್ತದೆ.

ಶಾಲೆಯಲ್ಲಿ ಆಪ್ತಸಮಾಲೋಚಕಿ

ಹೇಗೆ ಹೇಳುವುದು ಅನ್ನುವುದರ ಬಗ್ಗೆ ಸ್ವಲ್ಪ. ಸ್ಟಾಫ್ ಮೀಟಿಂಗಿನಲ್ಲಿ ಈ ವಿಷಯ ತೆಗೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಯಾರಾದರೂ ಶುರು ಮಾಡೇ ಮಾಡುತ್ತಾರೆ. ಆ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂತ ಮಕ್ಕಳಿಗೆ ಕೊಡುವವರೇ ನಾವು, ಗೊತ್ತಿಲ್ಲದ್ದೇನಲ್ಲ. ತಾವಾಗಿ ಬಂದವರ ಜೊತೆ ಮಾತ್ರ, ಬಾಗಿಲು ಹಾಕಿಕೊಂಡು ಮಾತಾಡಿ. ಅವರ ಖಾತೆಯ ವಿವರ ಕೇಳಬೇಡಿ.

ನಮ್ಮಲ್ಲಿ ಚೆನ್ನಾಗಿ ನಡೆದದ್ದು ಜೋಡಿ ಪದ್ಧತಿ. ಇಬ್ಬರಿಬ್ಬರು ಜೊತೆಯಾಗುವುದು. ಕಾರ್ಟ್‌ನಲ್ಲಿರುವುದನ್ನು ಕೊಳ್ಳುವ ಮುಂಚೆ ಒಂದು ಫೋಟೋ ಕಳಿಸುವುದು. ಆ ಕಡೆಯವರು ಬೇಕು ಬೇಡ ಹೇಳುವ ಹಾಗಿಲ್ಲ, "ಇದನ್ನ ಎಲ್ಲಿಡ್ತೀರಿ?" ಅಂತ ಮಾತ್ರ ಕೇಳಬಹುದು. ಉತ್ತರ ಹುಡುಕುವಷ್ಟರಲ್ಲಿ ಗಂಟೆ ಹೊಡೆದು ಕ್ಲಾಸಿಗೆ ಹೋಗಬೇಕಾಗಿರುತ್ತದೆ. ದಣಿದು ಮನೆಗೆ ಹೋದ ಸಂಜೆಯ ಆರ್ಡರ್‌ಗಳೇ ಜಾಸ್ತಿ ಅನ್ನುವವರು ಆ ಹೊತ್ತಿಗೆ ಜೊತೆಯವರಿಗೆ ಫೋನ್ ಮಾಡುತ್ತಾರೆ. ಬಹುಪಾಲು ಸಲ ಅವರಿಗೆ ಬೇಕಾಗಿದ್ದು ಆ ದಿನದ ಕ್ಲಾಸಿನ ಗಲಾಟೆಯನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳುವುದು.

ಒಂದು ಎಚ್ಚರ. ಬಂದ ಪಾರ್ಸೆಲ್ ಬಚ್ಚಿಡುವುದು, ಬಿಚ್ಚದೆಯೇ ಇಡುವುದು, ಕೊಳ್ಳಲು ಸಾಲ ಮಾಡುವುದು, ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಿಸಲಾಗದೆ ಅಳುವುದು. ಇಂಥದ್ದು ಕಂಡರೆ ಅದು ಸಂಬಳದ ದಿನದ ಹುಮ್ಮಸ್ಸಲ್ಲ. ಅಲ್ಲಿ ಕಾರ್ಡ್ ಅಳಿಸುವ ಉಪಾಯ ಸಾಲದು. ನಂಬಿಕೆಯ ಮನೋವೈದ್ಯರನ್ನೋ ಸಮಾಲೋಚಕರನ್ನೋ ನೋಡಲು ಹೇಳಿ, ಸಾಧ್ಯವಾದರೆ ಮೊದಲ ಸಲ ಜೊತೆಗೆ ಹೋಗಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮುಂದಿನ ಸಂಬಳಕ್ಕೆ ಮುಂಚೆಯೇ ಒಪ್ಪಿಗೆ ಪತ್ರ ಬರೆಸುತ್ತೇನೆ, ಜೋಡಿಗಳನ್ನು ಅವರವರೇ ಆರಿಸಿಕೊಳ್ಳಲಿ. ಕಂಪ್ಯೂಟರ್ ಸರ್, ಒಂದು ಅನುಮಾನ. ಕಾರ್ಡ್ ಅಳಿಸಿದರೆ ಪ್ರತಿ ತಿಂಗಳು ತಾನಾಗಿ ಹೋಗುವ ಚಂದಾಗಳೂ ನಿಲ್ಲುತ್ತವಾ? ಒಬ್ಬರು ಅದಕ್ಕೇ ಹೆದರುತ್ತಿದ್ದಾರೆ.

ಕಂಪ್ಯೂಟರ್ ಸರ್

ಇಲ್ಲ ಮೇಡಂ. ಶಾಪಿಂಗ್ ಸೈಟ್‌ನಲ್ಲಿ ಅಳಿಸಿದರೆ ಆ ಸೈಟ್‌ಗೆ ಮಾತ್ರ ಅನ್ವಯ. ಬೇರೆ ಕಡೆ ಕೊಟ್ಟಿರುವ ಕಾರ್ಡ್ ಅಲ್ಲಲ್ಲೇ ಇರುತ್ತದೆ. ಆ ಸೈಟ್‌ನದೇ ಸದಸ್ಯತ್ವ ಇದ್ದರೆ ಮಾತ್ರ ಮೊದಲು ಅದರ ಸೆಟ್ಟಿಂಗ್ ನೋಡಲಿ. ಹೇಗೂ ಕೂತಿದ್ದಾಗ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಚಂದಾಗಳ ಸಾಲನ್ನೂ ಒಮ್ಮೆ ಓದಲಿ. ನೋಡುವುದನ್ನೇ ಬಿಟ್ಟಿರುವ ಆಪ್ ಒಂದಾದರೂ ಸಿಗುತ್ತದೆ.