ವಿಎಂ ಫೈಲುಗಳಿಗೆಲ್ಲ ಬೀಗ ಬಿದ್ದಿದೆ, ಏನು ಮಾಡಲಿ?

ಬದಿಯಡ್ಕದಿಂದ:
ನಮ್ಮದು ಸಣ್ಣ ಅಡಿಕೆ ವ್ಯಾಪಾರ. ಲೆಕ್ಕವೆಲ್ಲ ಒಂದು ಹಳೆಯ ಇಎಸ್‌ಎಕ್ಸ್‌ಐ (ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರು ನಡೆಸುವ ವಿಎಂವೇರ್ ಸಾಫ್ಟ್‌ವೇರ್) ಸರ್ವರಿನಲ್ಲಿದೆ. ಬೆಳಿಗ್ಗೆ ನೋಡಿದರೆ ಅದರೊಳಗೆ ನಡೆಯುವ ವರ್ಚುವಲ್ ಮಷಿನ್ (ವಿಎಂ, ಸಾಫ್ಟ್‌ವೇರಿನಲ್ಲೇ ಇರುವ ಕಂಪ್ಯೂಟರು) ಆನ್ ಆಗುತ್ತಿಲ್ಲ, ಫೋಲ್ಡರಿನಲ್ಲಿ ಪ್ರತಿ ಫೈಲಿಗೂ ಒಂದೊಂದು ಆರ್ಗ್ಸ್ ಫೈಲು ಹುಟ್ಟಿಕೊಂಡಿದೆ, ಬಿಟ್‌ಕಾಯಿನ್ ಕೇಳುವ ಚೀಟಿ ಬೇರೆ. ಆಂಟಿವೈರಸ್ ಹಾಕಿದರೆ ಸರಿಹೋಗುತ್ತದಾ? ರೈತರಿಗೆ ಕೊಡಬೇಕಾದ ಬಾಕಿ ಲೆಕ್ಕ ಅದರಲ್ಲೇ ಇದೆ, ಕೈಕಾಲೇ ಆಡುತ್ತಿಲ್ಲ.

ಕುಂಬಳೆಯಿಂದ:
ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಏನನ್ನೂ ಅಳಿಸಬೇಡಿ. ಆಂಟಿವೈರಸ್ ವೈರಸ್ಸನ್ನು ತೆಗೆಯಬಹುದು, ಬೀಗ ತೆರೆಯುವುದಿಲ್ಲ. ಇದು 2023ರ ಫೆಬ್ರವರಿಯಲ್ಲಿ ಹರಡಿದ ಇಎಸ್‌ಎಕ್ಸ್‌ಐ ಆರ್ಗ್ಸ್ ಎಂಬ, ಫೈಲಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಥರ ಕಾಣುತ್ತದೆ. ಅದರ ಮೊದಲ ಅಲೆಯಲ್ಲಿ ಸಣ್ಣ ವಿಎಂಎಕ್ಸ್ (ವಿಎಂನ ಸೆಟ್ಟಿಂಗ್), ವಿಎಂಡಿಕೆ (ಅದರ ಡಿಸ್ಕಿನ ವಿವರ) ಫೈಲುಗಳು ಹಾಳಾದರೂ ನಿಜವಾದ ಡೇಟಾ ಇರುವ ದೊಡ್ಡ ಫ್ಲಾಟ್ ಫೈಲು ಎಷ್ಟೋ ಕಡೆ ಹೆಚ್ಚುಕಡಿಮೆ ಹಾಗೇ ಉಳಿದಿತ್ತು, ಅದರಿಂದ ಹೊಸ ವಿಎಂಡಿಕೆ ಕಟ್ಟಿಕೊಡುವ ಉಚಿತ ಸ್ಕ್ರಿಪ್ಟನ್ನು ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸಿಸಾ (CISA) ಕೊಟ್ಟಿದೆ. ಎಲ್ಲದರ ನಕಲು ಬೇರೆ ಡಿಸ್ಕಿಗೆ ತೆಗೆದು, ನಕಲಿನ ಮೇಲೆ ಮಾತ್ರ ಪ್ರಯತ್ನಿಸಿ.

ಮಂಜೇಶ್ವರದಿಂದ:
ಒಂದು ಮಾತು. ಆಮೇಲೆ ಬಂದ ರೂಪ ದೊಡ್ಡ ಫೈಲನ್ನೂ ಅರ್ಧದಷ್ಟು ಕೆಡಿಸುತ್ತದೆ. ಆಗ ಬ್ಯಾಕಪ್ಪೇ ಗತಿ. ಚೀಟಿಯಲ್ಲಿ ಬಿಟ್‌ಕಾಯಿನ್ ವಿಳಾಸ ಇದೆಯಾ ನೋಡಿ, ಹೊಸ ರೂಪದಲ್ಲಿ ಅದು ಇರುವುದಿಲ್ಲ. ಹಣ ಮಾತ್ರ ಕಳಿಸಬೇಡಿ, ಕೊಟ್ಟರೂ ಕೀ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಮತ್ತೆ ಸರ್ವರ್ ಎಬ್ಬಿಸುವಾಗ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಎಸ್‌ಎಲ್‌ಪಿ ಸೇವೆ (ನೆಟ್‌ವರ್ಕಿನಲ್ಲಿ ಬೇರೆ ಸೇವೆಗಳನ್ನು ಹುಡುಕಿಕೊಡುವುದು) ನಿಲ್ಲಿಸಿ, ಅದು ಬಳಸುವ 427 ಪೋರ್ಟ್ ಮುಚ್ಚಿ. ಈ ವೈರಸ್ ನುಗ್ಗಿದ್ದು ಆ ಸೇವೆಯ ತೂತಿನಿಂದ ಎನ್ನುತ್ತಾರೆ, ಅದನ್ನು ಮುಚ್ಚುವ ಪ್ಯಾಚ್ 2021ರಲ್ಲೇ ಬಂದಿತ್ತು.

ಬದಿಯಡ್ಕದಿಂದ:
ಚೀಟಿಯಲ್ಲಿ ವಿಳಾಸ ಇದೆ! ಕೇಬಲ್ ಕಿತ್ತೆ. ಈಗ ನಕಲು ತೆಗೆಯುತ್ತಾ ಇದ್ದೇನೆ, ನಾಳೆ ಬಂದು ಹೇಳುತ್ತೇನೆ.